ತಪ್ಪು ಬರೆದರೂ ಸಂಬಳ

ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆಯ ದಿನ ಕೋಣೆಯಲ್ಲಿ ಪ್ರಾಧ್ಯಾಪಕರಿದ್ದರು, ಗೆಳೆಯರಿದ್ದರು. ನನಗಾಗಿ ಪದ ಹಾಡಿದವರು ಒಬ್ಬರೂ ಇರಲಿಲ್ಲ. ಆಗ ಅದು ವಿಚಿತ್ರವೆನಿಸಲಿಲ್ಲ.

ನನ್ನ ವಿಷಯ ಮಂಡ್ಯ ಸೀಮೆಯ ಬೀಸುವ ಪದಗಳು. ಅವುಗಳಲ್ಲಿ ಹೆಣ್ಣುಮಗಳು ತವರಿನ ಅಣ್ಣನನ್ನು ಮತ್ತೆ ಮತ್ತೆ ಹೊಗಳುತ್ತಾಳೆ. ಹೆಣ್ಣು ಗಂಡಾಳಿಕೆಗೆ ಮನಸ್ಸಿನಲ್ಲೇ ಶರಣಾದುದರ ಗುರುತಿದು ಎಂದು ನಾನು ಒಂದಿಡೀ ಅಧ್ಯಾಯ ಬರೆದಿದ್ದೆ. ಪದವಿ ಬಂತು, ಕೆಲಸ ಸಿಕ್ಕಿತು, ಪುಸ್ತಕವೂ ಆಯಿತು. ಐದು ವರ್ಷಗಳ ಮೇಲೆ ಎನ್.ಎಸ್.ಎಸ್. ಶಿಬಿರಕ್ಕೆಂದು ಅದೇ ಊರಿಗೆ ಹೋದಾಗ, ಎಲ್ಲರಿಗಿಂತ ಹೆಚ್ಚು ಪದ ಹೇಳಿಕೊಟ್ಟಿದ್ದ ಅಜ್ಜಿಗೆ ಆ ಭಾಗವನ್ನು ಓದಿ ಹೇಳಿದೆ. ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡ ಅಜ್ಜಿ, "ಅಂಗಲ್ಲ ಕಣಪ್ಪ. ನಾವು ರಾಗಿ ಬೀಸೋವಾಗ ಅತ್ತೆ ಅಲ್ಲೇ ಮನಗಿರೋಳು. ಗಂಡನ್ನ ಬಯ್ಯಂಗಿಲ್ಲ, ಅತ್ತೇನ ಅನ್ನಂಗಿಲ್ಲ. ಅಣ್ಣನ್ನ ಹೊಗಳುದ್ರೆ ಯಾರು ಬ್ಯಾಡ ಅಂದಾರು? ಕೇಳಬೇಕಾದೋರಿಗೆ ಕೇಳುಸ್ತದೆ" ಎಂದರು. ಆಮೇಲೆ ನಕ್ಕು, "ತೆಪ್ಪು ಬರುದ್ರೂ ಸಂಬಳ ಕೊಡ್ತಾರಾ?" ಎಂದು ಕೇಳಿದರು.

ನಮ್ಮ ವಿಶ್ವವಿದ್ಯಾಲಯಗಳು ಜನರಿಂದ ದೂರ ಉಳಿದವು ಎಂದರೆ ಪೂರ್ತಿ ನಿಜವಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸಗಳ ಮೂಲಕ ಅಧ್ಯಾಪಕರನ್ನು ಊರುಗಳಿಗೆ ಕಳಿಸಿ ಕನ್ನಡದಲ್ಲಿ ಮಾತಾಡಿಸಿತು. ಆ ಉಪನ್ಯಾಸಗಳು ಪುಟ್ಟ ಪುಸ್ತಕಗಳಾಗಿ ಬಂದವು. ಮುಂದೆ ಜೀ.ಶಂ. ಪರಮಶಿವಯ್ಯನವರಂಥವರು ಊರೂರು ಸುತ್ತಿ ಕಾವ್ಯಗಳನ್ನು ಸಂಗ್ರಹಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಕ್ಷರ ಕಲಿಯದ ದರೋಜಿ ಈರಮ್ಮನವರಿಗೆ ನಾಡೋಜ ಗೌರವ ಕೊಟ್ಟಿತು. ನಾಡೋಜ ಎಂದರೆ ನಾಡಿಗೇ ಗುರು. ಕೊಟ್ಟೆವು, ತಂದೆವು, ಗೌರವಿಸಿದೆವು. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಗುರುವೆಂದು ಕರೆದವರ ಕೈಗೆ ನಮ್ಮ ಬರಹವನ್ನು ತಿದ್ದಲು ಕೊಡುವುದು ಬೇರೆಯೇ ಮಾತು.

ಹಾಡಿದವರು ಹೇಳಿದ್ದೇ ಹಾಡಿನ ಕೊನೆಯ ಅರ್ಥವೇ? ಅಲ್ಲ. ಹಾಡುವವರಿಗೆ ಕಾಣದ್ದು ಹತ್ತು ಊರಿನ ಪಾಠಗಳನ್ನು ಹೋಲಿಸಿ ನೋಡಿದವರಿಗೆ ಕಾಣಬಹುದು. ಅಜ್ಜಿಯ ಮಾತನ್ನು ನಾನು ಒಪ್ಪದೆಯೂ ಇರಬಹುದಿತ್ತು. ಕೇಳಿದ ಮೇಲೆ ಒಪ್ಪದಿರುವುದು ಭಿನ್ನಾಭಿಪ್ರಾಯ. ಕೇಳದೆಯೇ ಬರೆಯುವುದು ಅವರ ಬಾಯಿಗೆ ನನ್ನ ಮಾತು ತುರುಕಿದಂತೆ.

ಅಂದಿನಿಂದ ನನ್ನ ವಿದ್ಯಾರ್ಥಿಗಳಿಗೊಂದು ಕಟ್ಟಳೆ ಹಾಕಿದೆ: ಬರೆದದ್ದನ್ನು ಹಾಡಿದವರಿಗೆ ಓದಿ ಹೇಳಬೇಕು, ಅವರು ಒಪ್ಪದಿದ್ದರೆ ಅದನ್ನೂ ದಾಖಲಿಸಬೇಕು, ಬೇಡವೆಂದರೆ ಬಿಡಬೇಕು. ಇದು ಪುಕ್ಕಟೆಯಾಗಿ ನಡೆಯಲಿಲ್ಲ. ಒಬ್ಬ ಹುಡುಗನ ಪ್ರಬಂಧದ ಅತ್ಯುತ್ತಮ ಅಧ್ಯಾಯ ಒಂದು ಹಾಡನ್ನು ಕುರಿತದ್ದು. ಹಾಡಿನ ಕಥೆಯ ಮನೆಯವರು ಇನ್ನೂ ಊರಲ್ಲೇ ಇದ್ದಾರೆ, ಅಚ್ಚು ಹಾಕಬೇಡಿ ಎಂದರು ಹಾಡಿದಾಕೆ. ಅವನು ಅಧ್ಯಾಯ ಕೈಬಿಟ್ಟ. ಬಹಳ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವನ ಸಿಟ್ಟು ಸುಳ್ಳಲ್ಲ. ಒಂದು ಒಳ್ಳೆಯ ಬರಹ ಓದುಗರಿಗೆ ಸಿಗದೇ ಹೋಯಿತು. ಆದರೆ ನಾವು ಹೊರಟುಬಂದ ಮೇಲೂ ಆ ಬೀದಿಯಲ್ಲಿ ಓಡಾಡಬೇಕಾದವಳು ಆಕೆ.

ನನ್ನ ಪುಸ್ತಕದ ಎರಡನೆಯ ಮುದ್ರಣದಲ್ಲಿ ಹಳೆಯ ಅಧ್ಯಾಯವನ್ನು ತೆಗೆಯಲಿಲ್ಲ. ತಪ್ಪು ಬರೆದದ್ದು ಕಾಣಲಿ ಎಂದು ಹಾಗೇ ಇಟ್ಟು, ಕೆಳಗೆ ಅಜ್ಜಿಯ ಉತ್ತರವನ್ನು ಅವರ ಮಾತಿನಲ್ಲೇ ಅಚ್ಚು ಹಾಕಿಸಿದೆ. ಸಂಬಳದ ಪ್ರಶ್ನೆಯನ್ನೂ ಸೇರಿಸಿ.