ಪುಟ್ಟ ಉಸಿರಿಗೆ ಆಸರೆ



ಮನುಷ್ಯ ಜೀವ ತಳೆದದ್ದು ದೇವರು ಅವನ ಮೂಗಿಗೆ ಊದಿದ ಉಸಿರಿನಿಂದ ಎಂದು ಆದಿಕಾಂಡದ 2ನೆಯ ಅಧ್ಯಾಯ ನಮಗೆ ತಿಳಿಸುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ತಂದೆತಾಯಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಆ ಪುಟ್ಟ ಎದೆ ಏರಿಳಿಯುವುದನ್ನು ನೋಡುತ್ತಲೇ ಅವರು ರಾತ್ರಿ ಕಳೆಯುತ್ತಾರೆ.

1963ರ ಆಗಸ್ಟ್ 7ರಂದು ಅಮೆರಿಕದ ಕಥೋಲಿಕ ಅಧ್ಯಕ್ಷ ಜಾನ್ ಕೆನಡಿಯವರಿಗೆ ಪ್ಯಾಟ್ರಿಕ್ ಎಂಬ ಮಗ ಐದೂವರೆ ವಾರ ಮುಂಚಿತವಾಗಿ ಹುಟ್ಟಿದ. ಉಸಿರಾಟದ ತೊಂದರೆಯಿಂದ ಆಗಸ್ಟ್ 9ರಂದು ತೀರಿಕೊಂಡ. ದೇಶದ ಅಧಿಕಾರವೆಲ್ಲ ಕೈಯಲ್ಲಿದ್ದರೂ ತಂದೆಗೆ ಆ ಉಸಿರನ್ನು ಉಳಿಸಿಕೊಳ್ಳಲಾಗಲಿಲ್ಲ. 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೈದ್ಯ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಇಂಥದೇ ತೊಂದರೆಯಿದ್ದ 20 ಶಿಶುಗಳಿಗೆ ಎಡೆಬಿಡದ ಹಗುರ ಗಾಳಿಯ ಒತ್ತಡ ಕೊಟ್ಟದ್ದನ್ನು ವರದಿ ಮಾಡಿದರು. 16 ಶಿಶುಗಳು ಬದುಕಿದವು.

ಎಳೆಯ ಶ್ವಾಸಕೋಶದ ಗಾಳಿಗೂಡುಗಳು ಉಸಿರು ಬಿಟ್ಟಾಗಲೆಲ್ಲ ಮುಚ್ಚಿ ಅಂಟಿಕೊಳ್ಳುತ್ತವೆ. ಆಗ ವೆಂಟಿಲೇಟರ್ ಕೊಳವೆಯ ಮೂಲಕ ಮಗುವಿಗಾಗಿ ಉಸಿರಾಡುತ್ತದೆ. ಆದರೆ ಬಹಳ ದಿನ ಅದರಲ್ಲೇ ಇದ್ದರೆ ಆ ಎಳೆಯ ಶ್ವಾಸಕೋಶಕ್ಕೇ ಪೆಟ್ಟು. ಆದ್ದರಿಂದ ಆದಷ್ಟು ಬೇಗ ಕೊಳವೆ ತೆಗೆಯುತ್ತಾರೆ. ತೆಗೆದು ಕೈಬಿಡುವುದಿಲ್ಲ, 'ಸಿ-ಪ್ಯಾಪ್' ಎಂಬ ಆಸರೆ ಕೊಡುತ್ತಾರೆ. ಮೂಗಿಗೆ ಇಟ್ಟ ಸಣ್ಣ ನಳಿಕೆಯಿಂದ ಬೆಚ್ಚಗಿನ, ತೇವದ ಗಾಳಿ ಒಂದೇ ಸಮನೆ ಬರುತ್ತದೆ. ಗಾಳಿ ಹೊರಹೋಗುವ ಕೊಳವೆಯ ತುದಿಯನ್ನು ನೀರಿನಲ್ಲಿ ಐದಾರು ಸೆಂಟಿಮೀಟರ್ ಮುಳುಗಿಸಿಟ್ಟರೆ ಸಾಕಷ್ಟು ಒತ್ತಡ ಸಿಗುವ ಸರಳ ಸಾಧನವೂ ಇದೆ. ಉಸಿರಾಡುವುದು ಮಗುವೇ, ಗಾಳಿಗೂಡು ಮುಚ್ಚದಂತೆ ತಡೆಯುವುದಷ್ಟೇ ಆಸರೆಯ ಕೆಲಸ.

ಪ್ರಿಯ ಓದುಗರೇ, ದೇವರು ನಮ್ಮನ್ನು ನಡೆಸುವ ರೀತಿಯೂ ಇದೇ ಅಲ್ಲವೇ? ಅವರು ನಮ್ಮ ಪರವಾಗಿ ಬದುಕುವುದಿಲ್ಲ, ಬೀಳಲಿ ಎಂದು ಬಿಟ್ಟುಬಿಡುವುದೂ ಇಲ್ಲ.

ಕೆಲವು ಶಿಶುಗಳು ದಣಿಯುತ್ತವೆ. ಕೊಳವೆಯನ್ನು ಮತ್ತೆ ಹಾಕಬೇಕಾಗುತ್ತದೆ. ಅದು ಮಗುವಿನ ಸೋಲಲ್ಲ, ತಾಯಿಯ ಪ್ರಾರ್ಥನೆಯ ಕೊರತೆಯೂ ಅಲ್ಲ. ಇಂಥ ಹೊತ್ತಿನಲ್ಲೇ ನಮ್ಮ ಮನೆಗಳಲ್ಲಿ "ಬಸುರಿಯಲ್ಲಿ ನೀನು ಜೋಪಾನವಾಗಿರಲಿಲ್ಲ" ಎಂಬ ಮಾತು ಬರುತ್ತದೆ. ಹುಟ್ಟುಕುರುಡನನ್ನು ಕಂಡು, ಇದು ಯಾರ ಪಾಪದ ಫಲ ಎಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಪ್ರಶ್ನೆಯನ್ನೇ ಒಪ್ಪಲಿಲ್ಲ. ನಾವೂ ಕೇಳದಿರೋಣ. ಆಸ್ಪತ್ರೆಗೆ ಬಿಸಿ ಗಂಜಿ ಒಯ್ಯೋಣ, ಮನೆಯಲ್ಲಿರುವ ದೊಡ್ಡ ಮಕ್ಕಳನ್ನು ನೋಡಿಕೊಳ್ಳೋಣ. ವೈದ್ಯರು ಒಪ್ಪಿದರೆ ಮೂಗಿನ ನಳಿಕೆ ಇರುವಾಗಲೂ ತಾಯಿ ಮಗುವನ್ನು ತನ್ನ ಎದೆಗವಚಿಕೊಳ್ಳಬಹುದು. ಅದಕ್ಕೆ ಅವಳಿಗೆ ಧೈರ್ಯ ಕೊಡೋಣ.

ಪ್ರಾಣಾಪಾಯವಿದ್ದರೆ ದೀಕ್ಷಾಸ್ನಾನಕ್ಕೆ ತಡಮಾಡಬೇಡಿ. ಗುರುಗಳು ಬರುವಷ್ಟು ಸಮಯವಿಲ್ಲದಿದ್ದರೆ, ಧರ್ಮಸಭೆಯ ಉದ್ದೇಶವುಳ್ಳ ಯಾರಾದರೂ ನೀರು ಸುರಿದು, ಪಿತ, ಸುತ ಹಾಗೂ ಪವಿತ್ರಾತ್ಮರ ನಾಮದಲ್ಲಿ ಅದನ್ನು ನೀಡಬಹುದು. ಶುಶ್ರೂಷಕಿಯರನ್ನು ಕೇಳಿ, ಸ್ವಲ್ಪ ನೀರಿನಿಂದಲೇ ಜೋಪಾನವಾಗಿ ಮಾಡಿ. ಇದು ಆಸೆ ಬಿಟ್ಟ ಗುರುತಲ್ಲ. ಈ ಮಗು ದೇವರದೆಂಬ ಒಪ್ಪಿಗೆ. ಚಿಕಿತ್ಸೆ ಮುಂದುವರಿಯಲಿ, ಜಪಸರವೂ ಮುಂದುವರಿಯಲಿ.

ಇಂದು ಮಲಗುವ ಮುನ್ನ ಒಂದು ದೀರ್ಘ ಉಸಿರೆಳೆದುಕೊಳ್ಳಿ. ಅದಕ್ಕಾಗಿ ಹೋರಾಡುತ್ತಿರುವ ಒಂದು ಮಗುವನ್ನು ನೆನೆದು, ಅದರ ತಾಯಿಗಾಗಿ ಒಂದು 'ನಮೋ ಮರಿಯ' ಹೇಳಿ.