ಒಂದೇ ಕಾರ್ಡು, ಎರಡು ವಿಭಾಗ: ಭೇದ ನಿಜವೇ?

ಒಂದೇ ವಸ್ತುವಿನೊಳಗೆ ಕಾಣುವ ಭಾಗಗಳು ನಿಜವೇ, ಇಲ್ಲವೇ ವ್ಯವಹಾರಕ್ಕಾಗಿ ಕಲ್ಪಿಸಿಕೊಂಡವೇ ಎಂಬುದು ವೇದಾಂತದ ಹಳೆಯ ಪ್ರಶ್ನೆ. ಇದನ್ನು ಒಂದೇ ಬೋರ್ಡಿನ ಸಣ್ಣ ಕಂಪ್ಯೂಟರಿನ ಮೆಮೊರಿ ಕಾರ್ಡಿನಲ್ಲಿ ಪರೀಕ್ಷಿಸಿ ನೋಡಬಹುದು. 2012ರಲ್ಲಿ ಮಾರುಕಟ್ಟೆಗೆ ಬಂದ ರಾಸ್ಪ್‌ಬೆರಿ ಪೈ ಇಂಥ ಕಂಪ್ಯೂಟರು. ಆಪರೇಟಿಂಗ್ ಸಿಸ್ಟಮ್, ಬಳಸುವವರ ಫೈಲುಗಳು, ದಿನವೂ ಬೆಳೆಯುವ ಲಾಗ್‌ಗಳು, ಎಲ್ಲಕ್ಕೂ ಅದರಲ್ಲಿ ಸಾಮಾನ್ಯವಾಗಿ ಒಂದೇ ಕಾರ್ಡು ಆಧಾರ.

ಕಾರ್ಡಿನ ಸಾಮರ್ಥ್ಯದ ಲೆಕ್ಕವೇ ಒಂದು ಒಡಂಬಡಿಕೆ. 32 ಜಿಬಿ ಎಂದು ಅಚ್ಚಾದ ಕಾರ್ಡನ್ನು ಅನೇಕ ಕಂಪ್ಯೂಟರುಗಳು ಸುಮಾರು 29.8 ಜಿಬಿ ಎಂದು ತೋರಿಸುತ್ತವೆ. ತಯಾರಕರಿಗೆ ಒಂದು ಜಿಬಿ ಎಂದರೆ 100 ಕೋಟಿ ಬೈಟು. ಆ ಕಂಪ್ಯೂಟರುಗಳಿಗೆ 107 ಕೋಟಿಗೂ ಹೆಚ್ಚು. ಬೈಟುಗಳು ಅಷ್ಟೇ ಇದ್ದು, ಅಳತೆಗೋಲು ಬೇರೆಯಾಗಿದೆ.

ವಿಭಾಗಗಳದ್ದೂ ಇದೇ ಬಗೆ. ರಾಸ್ಪ್‌ಬೆರಿ ಪೈ ಕಾರ್ಡಿನಲ್ಲಿ ಸಾಮಾನ್ಯವಾಗಿ ಎರಡು ವಿಭಾಗಗಳಿರುತ್ತವೆ: ಕಂಪ್ಯೂಟರನ್ನು ಎಬ್ಬಿಸುವ ಫೈಲುಗಳಿಗೆ ಫ್ಯಾಟ್32 ರೂಪದ ಚಿಕ್ಕ ಭಾಗ, ಉಳಿದೆಲ್ಲಕ್ಕೂ ಇಎಕ್ಸ್‌ಟಿ4 ರೂಪದ ದೊಡ್ಡ ಭಾಗ. ಇವುಗಳ ಎಲ್ಲೆ ಬರೆದಿರುವುದು ಕಾರ್ಡಿನ ಮೊದಲ 512 ಬೈಟುಗಳೊಳಗೆ, ಕೇವಲ 64 ಬೈಟಿನ ಪಟ್ಟಿಯಲ್ಲಿ. ತಲಾ 16 ಬೈಟಿನ ನಾಲ್ಕು ನಮೂದುಗಳು. ಪ್ರತಿಯೊಂದರಲ್ಲೂ ಆರಂಭ, ಉದ್ದ, ಬಗೆ. ಕಾರ್ಡಿನೊಳಗೆ ಬೇರೆ ಗೋಡೆಯಿಲ್ಲ. ಒಂದೇ ಕಡೆ ಸವೆಯದಿರಲೆಂದು ಕಾರ್ಡಿನ ನಿಯಂತ್ರಕ ಬರಹವನ್ನು ಬೇರೆ ಬೇರೆ ಕೋಶಗಳಿಗೆ ಹಂಚುವುದರಿಂದ, ಪಟ್ಟಿಯಲ್ಲಿ ದೂರವಿರುವ ಭಾಗಗಳು ಚಿಪ್‌ನಲ್ಲಿ ಅಕ್ಕಪಕ್ಕದಲ್ಲಿರಬಹುದು.

ಶಂಕರರ ಅದ್ವೈತ ಇದನ್ನು ಸುಲಭವಾಗಿ ವಿವರಿಸುತ್ತದೆ. ಗಡಿಗೆಯೊಳಗಿನ ಆಕಾಶ ಹೊರಗಿನ ಆಕಾಶದಿಂದ ಬೇರೆಯೆಂದು ತೋರುವುದು ಗಡಿಗೆಯೆಂಬ ಉಪಾಧಿಯಿಂದ. ವಿಭಾಗಗಳ ಪಟ್ಟಿಯೂ ಅಂಥ ಉಪಾಧಿ. ಪಟ್ಟಿ ಅಳಿಸಿದರೆ ಎಲ್ಲೆಗಳು ಮಾಯವಾಗುತ್ತವೆ, ಆದರೆ ಫೈಲುಗಳ ಬೈಟುಗಳು ಇದ್ದಲ್ಲೇ ಇರುತ್ತವೆ. ಭೇದಕ್ಕೆ ವ್ಯಾವಹಾರಿಕ ಸತ್ಯತ್ವವುಂಟು, ಪಾರಮಾರ್ಥಿಕವಾಗಿ ಇಲ್ಲ ಎಂಬುದು ಈ ನಿಲುವು.

ಮಧ್ವರ ದ್ವೈತ ಜಡ ಜಡಗಳ ನಡುವಿನ ಭೇದವನ್ನೂ ಪಂಚಭೇದಗಳಲ್ಲಿ ಎಣಿಸಿ, ಅದು ನಿಜವೆನ್ನುತ್ತದೆ. ಕಾರ್ಡಿನಲ್ಲೂ ಇದಕ್ಕೆ ಆಧಾರವಿದೆ. ಮೊದಲ ವಿಭಾಗ ಫ್ಯಾಟ್ ರೂಪ ಬಿಟ್ಟು ಎಕ್ಸ್‌ಫ್ಯಾಟ್ ಆಗಿದ್ದರೆ ಬೋರ್ಡು ಏಳುವುದಿಲ್ಲ; ಬರೀ ಹೆಸರಿನ ಭೇದಕ್ಕೆ ಇಂಥ ಫಲವಿರದು. ಆದರೆ ಈ ವಾದ ವಿಭಾಗಗಳ ಒಳರಚನೆಯನ್ನು ವಿವರಿಸುವಷ್ಟು ಅವುಗಳ ಎಲ್ಲೆಯನ್ನು ವಿವರಿಸದು. ಎಲ್ಲೆಯನ್ನು ಬೇಕಾದಾಗ ಸರಿಸಬಹುದು.

ಮೂರನೆಯ ಉತ್ತರ ರಾಮಾನುಜರದು. ಅವರು ಸುಮಾರು ಹನ್ನೆರಡು ವರ್ಷ ನೆಲೆಸಿದ್ದರೆಂದು ಸಂಪ್ರದಾಯ ಹೇಳುವ ಮೇಲುಕೋಟೆ ಮಂಡ್ಯ ಜಿಲ್ಲೆಯಲ್ಲಿದೆ. ವಿಶಿಷ್ಟಾದ್ವೈತದಲ್ಲಿ ಬ್ರಹ್ಮ ಒಂದೇ. ಚಿತ್ತು ಎಂದರೆ ಜೀವರು, ಅಚಿತ್ತು ಎಂದರೆ ಜಡ; ಎರಡೂ ಅದರ ಶರೀರ. ಅವು ಅದನ್ನು ಬಿಟ್ಟು ಇರಲಾರವು, ಹಾಗೆಂದು ಸುಳ್ಳೂ ಅಲ್ಲ. ಈ ಸಂಬಂಧವೇ ಅಪೃಥಕ್‌ಸಿದ್ಧಿ. ವಿಭಾಗವೂ ಕಾರ್ಡನ್ನು ಬಿಟ್ಟು ಇರಲಾರದು, ಕಾರ್ಡಿನೊಳಗೆ ಅದರ ಭೇದ ಸುಳ್ಳಲ್ಲ.

ಈ ಮಾತಿನ ಬಲ ಅದೇ ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಬಯಲಿನಲ್ಲಿ ಕಾಣುತ್ತದೆ. ಕೃಷ್ಣರಾಜಸಾಗರ ಅಣೆಕಟ್ಟೆಯ ಪೂರ್ಣ ಸಂಗ್ರಹ 49.45 ಟಿಎಂಸಿ. ಅಲ್ಲಿಂದ ಹೊರಟ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಗದ್ದೆಗಳಿಗೆ ನೀರುಣಿಸುತ್ತದೆ. ಮದ್ದೂರಿನ ನೀರು, ಮಳವಳ್ಳಿಯ ನೀರು ಎಂದು ಅಣೆಕಟ್ಟೆಯಲ್ಲಿ ಬೇರೆ ಬೇರೆ ಇಲ್ಲ. ಆದರೂ ಮೇಲಿನ ತೂಬುಗಳು ಹೆಚ್ಚು ಎಳೆದರೆ ಕೊನೆ ಭಾಗದ ಗದ್ದೆ ಒಣಗುತ್ತದೆ. ಸರದಿಯಂತೆ ನೀರು ಬಿಡುವ ಕಟ್ಟು ನೀರಿನ ಪದ್ಧತಿ ಮನುಷ್ಯರ ಒಪ್ಪಂದ. ಒಣಗಿದ ಪೈರು ಒಪ್ಪಂದವಲ್ಲ.

ಕಾರ್ಡಿನಲ್ಲೂ ಪಾಲು ತಪ್ಪಿದರೆ ನಷ್ಟ ನಿಜವೇ. ಎಲ್ಲವೂ ಒಂದೇ ವಿಭಾಗದಲ್ಲಿದ್ದು ಲಾಗ್‌ಗಳು ಅದನ್ನು ತುಂಬಿಸಿದರೆ ಕೆಲಸಗಳು ಒಂದೊಂದಾಗಿ ನಿಲ್ಲತೊಡಗುತ್ತವೆ. ಲಾಗ್‌ಗಳಿಗೆ ಪ್ರತ್ಯೇಕ ವಿಭಾಗವಿದ್ದರೆ ತುಂಬುವುದು ಅದೊಂದೇ. ವ್ಯವಸ್ಥೆಯ ವಿಭಾಗವನ್ನು ಓದಲು ಮಾತ್ರ ತೆರೆದಿಟ್ಟರೆ, ಕರೆಂಟು ಹಠಾತ್ತನೆ ಹೋದಾಗ ಅದು ಕೆಡುವ ಅಪಾಯ ಬಹಳ ಕಡಿಮೆ. 8 ಜಿಬಿಯ ಪ್ರತಿಯನ್ನು 32 ಜಿಬಿ ಕಾರ್ಡಿಗೆ ಹಾಗೆಯೇ ಇಳಿಸಿ ಎಲ್ಲೆಯನ್ನು ವಿಸ್ತರಿಸದಿದ್ದರೆ, ಉಳಿದ ಜಾಗ ಇದ್ದೂ ಇಲ್ಲದಂತೆ.

ಇಲ್ಲಿ ಅದ್ವೈತಿ, ಇದೆಲ್ಲ ವ್ಯವಹಾರದ ಮಟ್ಟದ ಮಾತು ಎನ್ನಬಹುದು. ಆಗ ನಿರ್ಣಾಯಕವಾಗುವುದು ಜ್ಞಾನದಿಂದ ಭೇದ ಬಾಧಿತವಾಗುತ್ತದೆಯೇ ಎಂಬುದು. ಅದ್ವೈತದ ಪ್ರಸಿದ್ಧ ದೃಷ್ಟಾಂತದಲ್ಲಿ, ಹಾವೆಂದು ತೋರಿದ್ದು ಹಗ್ಗವೆಂದು ತಿಳಿದ ಕ್ಷಣ ಹಾವು ಇಲ್ಲವಾಗುತ್ತದೆ. ವಿಭಾಗ ಹಾಗಲ್ಲ. ಅದು 64 ಬೈಟಿನ ಬರಹವೆಂದು ಚೆನ್ನಾಗಿ ತಿಳಿದವರೇ ಅದನ್ನು ಎಲ್ಲರಿಗಿಂತ ಎಚ್ಚರದಿಂದ ರೂಪಿಸುತ್ತಾರೆ. ತಿಳಿವು ಇಲ್ಲಿ ಭೇದವನ್ನು ಅಳಿಸದೆ ಅದರ ಹೊಣೆಯನ್ನು ಹೆಚ್ಚಿಸುತ್ತದೆ.

ಜಡವಾದ ಕಾರ್ಡಿನಿಂದ ಬ್ರಹ್ಮದ ಸ್ವರೂಪ ಸಿದ್ಧವಾಗದು. ಸಿದ್ಧವಾಗುವುದು ಇಷ್ಟು: ಒಪ್ಪಂದದಿಂದ ಹುಟ್ಟಿತೆಂಬ ಕಾರಣಕ್ಕೇ ಒಂದು ಭೇದ ಸುಳ್ಳಾಗುವುದಿಲ್ಲ, ಇಡಿಯನ್ನು ಆಶ್ರಯಿಸಿದೆಯೆಂಬ ಕಾರಣಕ್ಕೂ ಆಗುವುದಿಲ್ಲ. ಮಿತಿಯುಳ್ಳದ್ದನ್ನು ಹಂಚುವವರು ಇಡಿಯನ್ನೂ ಕೊನೆಯ ಪಾಲನ್ನೂ ಒಟ್ಟಿಗೇ ಲೆಕ್ಕಕ್ಕೆ ಹಿಡಿಯಬೇಕು. ಹಂಚಿಕೆ ಧರ್ಮದ ವಿಷಯವಾಗುವುದು ಈ ಕಾರಣಕ್ಕೆ.