ಹೊಸ ಉಪಾಧ್ಯಾಯರೂ ಸ್ಥಿತಿಕರಣವೂ

ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೊರಟ ರಸ್ತೆಯು ಬಂಡೀಪುರದ ಕಾಡನ್ನು ಹೊಗುವ ಮುನ್ನ ಹಂಗಳವೆಂಬ ಹೋಬಳಿ ಊರನ್ನು ಹಾಯ್ದು ಹೋಗುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ ಕವಲೊಡೆಯುವುದೂ ಅಲ್ಲಿಯೇ. ಯಾತ್ರಿಕರಿಗೆ ಅದೊಂದು ತಿರುವು ಮಾತ್ರ. ಆದರೆ ಸುತ್ತಲಿನ ಕಾಡಂಚಿನ ಹಳ್ಳಿಗಳ ಸರ್ಕಾರಿ ಶಾಲೆಗೆ ನೇಮಕಗೊಂಡು ಬಂದವರಿಗೆ, ಬಸ್ಸಿನಿಂದ ಇಳಿದು ಮುಂದೇನೆಂದು ನಿಂತು ಯೋಚಿಸುವ ಸ್ಥಳ ಅದು.

ಹಾಗೆ ಇಳಿದ ಒಬ್ಬ ತರುಣಿಯನ್ನು ಕಲ್ಪಿಸಿಕೊಳ್ಳಬಹುದು. ಶಿಕ್ಷಕ ತರಬೇತಿ ಮುಗಿಸಿ, ಸ್ಪರ್ಧಾ ಪರೀಕ್ಷೆ ಬರೆದು, ವರ್ಷಗಟ್ಟಲೆ ಕಾದು ಆದೇಶಪತ್ರ ಪಡೆದವಳು. ಅವಳ ಕೊಠಡಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತಿದ್ದಾರೆ. ಕೆಲವರ ಮನೆಮಾತು ಪುಸ್ತಕದ ಕನ್ನಡವಲ್ಲ, ಸೋಲಿಗರ ಅಥವಾ ಜೇನುಕುರುಬರ ನುಡಿ. ತಂದೆತಾಯಿಗಳು ಕೂಲಿಗಾಗಿ ಕೇರಳದ ಗಡಿ ದಾಟಿದಾಗ ಕೆಲವು ಮಕ್ಕಳು ವಾರಗಟ್ಟಲೆ ಕಾಣುವುದಿಲ್ಲ. ರಾತ್ರಿ ಆನೆ ಬಂದು ಹೊಲ ತುಳಿದರೆ ಮರುದಿನದ ಹಾಜರಿ ಅರ್ಧ. ತರಬೇತಿ ಸಂಸ್ಥೆಯಲ್ಲಿ ಅವಳು ಅಂದವಾಗಿ ಬರೆದಿದ್ದ ಪಾಠಯೋಜನೆಯಲ್ಲಿ ಆನೆಗೆ ಸ್ಥಳವಿರಲಿಲ್ಲ. ಮೂರನೆಯ ವಾರದ ಹೊತ್ತಿಗೆ ತನಗೆ ಕಲಿಸಲು ಬರುವುದಿಲ್ಲವೆಂಬ ಸತ್ಯ ಅವಳಿಗೆ ತಿಳಿದುಬಿಡುತ್ತದೆ. ಇದನ್ನು ಯಾರಲ್ಲಿ ಹೇಳಿಕೊಳ್ಳಬೇಕು? ಎರಡು ವರ್ಷಗಳ ಪರೀಕ್ಷಾರ್ಥ ಅವಧಿ ಮುಗಿಯುವವರೆಗೆ ಬಾಯಿ ಬಿಡದಿರುವುದೇ ಜಾಣತನವೆಂದು ಹಿತೈಷಿಗಳು ಬುದ್ಧಿ ಹೇಳುತ್ತಾರೆ. ಈ ಮೌನದ ನೈತಿಕ ಸ್ವರೂಪವೇನು, ಅದಕ್ಕೆ ಹೊಣೆ ಯಾರು ಎಂಬುದು ವಿಚಾರಣೀಯ.

ವ್ಯಾಪಾರದಲ್ಲಿ ಪಳಗಿದವರಿಗೆ ಈ ಸ್ಥಿತಿ ವಿಚಿತ್ರವಾಗಿಯೇ ತೋರುತ್ತದೆ. ಅಂಗಡಿಗೆ ಹೊಸದಾಗಿ ಸೇರಿದ ಹುಡುಗನ ಕೈಗೆ ಮೊದಲ ದಿನವೇ ಗಲ್ಲಾಪೆಟ್ಟಿಗೆಯ ಬೀಗದಕೈ ಕೊಡುವ ಯಜಮಾನನಿಲ್ಲ. ಹುಡುಗ ಹಳೆಯ ಗುಮಾಸ್ತರ ಪಕ್ಕದಲ್ಲಿ ಕುಳಿತು ತೂಕ ನೋಡುತ್ತಾನೆ, ಗಿರಾಕಿಯ ಮುಖ ನೋಡುತ್ತಾನೆ, ಕಿರ್ದಿ ಬರೆಯುವುದನ್ನು ನೋಡುತ್ತಾನೆ. ತಪ್ಪು ಬರೆದರೆ ಗುಮಾಸ್ತರು ಗದರಿ ತಿದ್ದಿಸುತ್ತಾರೆ. ಸಂಜೆ ಲೆಕ್ಕ ತಾಳೆಯಾದರೆ ಅಲ್ಲಿಗೆ ಮುಗಿಯಿತು. ಅಕ್ಕಿಬೇಳೆಯ ವಿಷಯದಲ್ಲಿ ಇಷ್ಟು ಎಚ್ಚರಿಕೆ ವಹಿಸುವ ಲೋಕವು, ಮೂವತ್ತು ಮಕ್ಕಳ ಅಕ್ಷರಾಭ್ಯಾಸವನ್ನು ಮೊದಲ ದಿನವೇ ಒಬ್ಬಂಟಿಗೆ ಒಪ್ಪಿಸಿ ಹಿಂದೆ ಸರಿಯುತ್ತದೆ.

ಇದನ್ನು ಯಾರೂ ಗಮನಿಸಿಲ್ಲವೆಂದಲ್ಲ. ಜಪಾನ್ ದೇಶವು 1989ರಿಂದ ಹೊಸ ಶಿಕ್ಷಕರಿಗೆ ಒಂದು ವರ್ಷದ ಆರಂಭಿಕ ತರಬೇತಿಯನ್ನೂ ಮಾರ್ಗದರ್ಶಿ ಶಿಕ್ಷಕರನ್ನೂ ಕಡ್ಡಾಯಗೊಳಿಸಿತು. ನಮ್ಮ ದೇಶದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅನುಭವಿಗಳೂ ನಿವೃತ್ತರೂ ಸೇರಿದ ಮಾರ್ಗದರ್ಶಕರ ರಾಷ್ಟ್ರೀಯ ಅಭಿಯಾನವೊಂದನ್ನು ಸೂಚಿಸಿದೆ. ಅದಕ್ಕೂ ಬಹಳ ಮೊದಲೇ, 1990ರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಕಾಲದಲ್ಲಿ, ಶಾಲೆಗಳ ಗುಂಪಿಗೊಂದು ಸಮೂಹ ಸಂಪನ್ಮೂಲ ಕೇಂದ್ರವೆಂಬ ಏರ್ಪಾಡು ಕರ್ನಾಟಕಕ್ಕೆ ಬಂದಿತು. ಉಪಾಧ್ಯಾಯರಲ್ಲೇ ಒಬ್ಬರು ಸಂಪನ್ಮೂಲ ವ್ಯಕ್ತಿಯಾಗಿ ಶಾಲೆಯಿಂದ ಶಾಲೆಗೆ ಹೋಗಿ, ತರಗತಿಯಲ್ಲಿ ಕುಳಿತು, ಜೊತೆಗಾರರಿಗೆ ನೆರವಾಗಬೇಕೆಂಬುದು ಅದರ ಆಶಯ. ಆ ಆಶಯ ಒಳ್ಳೆಯದೇ. ಆದರೆ ಬರಬರುತ್ತ ಅಂಕಿಅಂಶ ಸಂಗ್ರಹ, ಸುತ್ತೋಲೆ ತಲುಪಿಸುವಿಕೆ, ಬಿಸಿಯೂಟದ ಮಾಹಿತಿ, ಮೇಲಿನವರು ಕೇಳಿದ ವರದಿ, ಇವೆಲ್ಲ ಅದೇ ಒಬ್ಬ ವ್ಯಕ್ತಿಯ ಹೆಗಲೇರಿದವು. ಹೀಗಾಗಿ ಸಂಪನ್ಮೂಲ ವ್ಯಕ್ತಿಯ ಮೋಟಾರು ಸೈಕಲ್ಲು ಶಾಲೆಯ ಮುಂದೆ ನಿಂತೊಡನೆ ಒಳಗಿರುವವರು ಜೊತೆಗಾರ ಬಂದನೆಂದು ಸಂತೋಷಪಡದೆ, ದಾಖಲೆಗಳನ್ನು ಸರಿಪಡಿಸಿಕೊಳ್ಳುವುದೇ ಹೆಚ್ಚು.

ನೆರೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ನಡೆದುದು ಬೇರೆಯ ಬಗೆಯದು. ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಆಗಿನ್ನೂ ಗುಂಡ್ಲುಪೇಟೆಯೂ ಕೋಟೆಯೂ ಒಂದೇ ಮೈಸೂರು ಜಿಲ್ಲೆಯವು. ಅಲ್ಲಿನ ಸರ್ಕಾರಿ ಶಾಲೆಗಳ ಕೆಲವು ಉಪಾಧ್ಯಾಯರು ಆಂಧ್ರದ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳ ಕ್ರಮವನ್ನು ಕಣ್ಣಾರೆ ಕಂಡು, ಮರಳಿ ಬಂದು ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನೂ ಹಾಡುಗಳನ್ನೂ ತಾವೇ ರಚಿಸಿದರು. ಯುನಿಸೆಫ್ ನೆರವಿನಿಂದ ನಡೆದ ಆ ಪ್ರಯತ್ನವೇ ಮುಂದೆ ರಾಜ್ಯವೆಲ್ಲ ಹರಡಿದ ‘ನಲಿ ಕಲಿ’. ಅದರ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಗಮನಿಸಬೇಕಾದುದು ಇಷ್ಟು: ಅಲ್ಲಿ ಉಪಾಧ್ಯಾಯರು ಉಪಾಧ್ಯಾಯರಿಂದ ಕಲಿತರು. ‘ನನಗೆ ಇದು ಬರುವುದಿಲ್ಲ’ ಎಂಬ ಮಾತನ್ನು ಸಮಾನರ ನಡುವೆ ಆಡಿದರೆ ಯಾವ ಕಡತಕ್ಕೂ ಏರುವುದಿಲ್ಲವೆಂಬ ಭರವಸೆ ಇಂತಹ ಕಲಿಕೆಯ ಮೂಲಧನ.

ಜೈನಾಗಮಗಳು ಈ ವಿಷಯದಲ್ಲಿ ಆಶ್ಚರ್ಯಕರವಾದ ಸೂಕ್ಷ್ಮತೆಯನ್ನು ತೋರಿವೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಐದನೆಯದು ಉಪಗೂಹನ, ಆರನೆಯದು ಸ್ಥಿತಿಕರಣ, ಏಳನೆಯದು ವಾತ್ಸಲ್ಯ. ಜಾರುತ್ತಿರುವವನನ್ನು ಮತ್ತೆ ನಿಲ್ಲಿಸುವುದು ಸ್ಥಿತಿಕರಣ. ಶಾಲೆಯ ಪಾಠವು ಲೌಕಿಕ, ರತ್ನತ್ರಯದ ಮಾತನ್ನು ಅದಕ್ಕೆ ಹೇಳುವುದು ಉಪಚಾರದಿಂದ ಮಾತ್ರವೆಂಬುದನ್ನು ಪಂಡಿತರು ಮನ್ನಿಸಬೇಕು. ಕುಂದಕುಂದಾಚಾರ್ಯರ ಪ್ರವಚನಸಾರವು ಇನ್ನೂ ಒಂದು ಭೇದವನ್ನು ತೋರಿಸುತ್ತದೆ: ದೀಕ್ಷೆ ಕೊಡುವ ಗುರು ಬೇರೆ, ವ್ರತದಲ್ಲಿ ಛೇದವುಂಟಾದಾಗ ಮತ್ತೆ ಸ್ಥಾಪಿಸುವ ನಿರ್ಯಾಪಕರು ಬೇರೆ. ತರಬೇತಿ ಸಂಸ್ಥೆಯು ದೀಕ್ಷೆ ಕೊಟ್ಟಿತು. ನಿರ್ಯಾಪಕರು ಎಲ್ಲಿ?

ನಿರ್ಯಾಪಕ ಆಚಾರ್ಯರ ಲಕ್ಷಣಗಳನ್ನು ಶಿವಾರ್ಯರ ಭಗವತೀ ಆರಾಧನೆ ವಿಸ್ತಾರವಾಗಿ ಹೇಳುತ್ತದೆ. ಅವುಗಳಲ್ಲಿ ಒಂದು ‘ಅಪರಿಸ್ರಾವಿ’ ಗುಣ, ಎಂದರೆ ಸೋರದಿರುವುದು. ಕಾದ ಕಬ್ಬಿಣವು ಕುಡಿದ ನೀರು ಹೇಗೆ ಹೊರಗೆ ಬಾರದೋ ಹಾಗೆ ಶಿಷ್ಯನು ಆಲೋಚನೆಯಲ್ಲಿ ಹೇಳಿಕೊಂಡ ದೋಷವು ಆಚಾರ್ಯನಿಂದ ಹೊರಗೆ ಬರಬಾರದು. ಬಂದರೆ ಮುಂದೆ ಯಾರೂ ದೋಷವನ್ನು ಹೇಳಿಕೊಳ್ಳುವುದಿಲ್ಲ, ಸಂಘವೇ ಕೆಡುತ್ತದೆ. ಇಂಗ್ಲೆಂಡಿನಲ್ಲಿ 2021ರ ಸೆಪ್ಟೆಂಬರಿನಿಂದ ಹೊಸ ಶಿಕ್ಷಕರಿಗೆ ಎರಡು ವರ್ಷಗಳ ಮಾರ್ಗದರ್ಶನ ದೊರೆಯುತ್ತಿದೆ. ಅಲ್ಲಿ ಜೊತೆಗಿದ್ದು ತಿದ್ದುವವರು ಒಬ್ಬರು, ಅರ್ಹತೆಯನ್ನು ಅಳೆಯುವವರು ಇನ್ನೊಬ್ಬರು ಎಂದು ಸಾಮಾನ್ಯವಾಗಿ ಪ್ರತ್ಯೇಕಿಸಲಾಗಿದೆ. ಹೊಸಬರ ಪಾಠದ ಹೊರೆಯನ್ನೂ ಮೊದಲ ವರ್ಷ ನೂರಕ್ಕೆ ಹತ್ತರಷ್ಟು ಇಳಿಸುತ್ತಾರೆ. ಅಪರಿಸ್ರಾವಿ ಎಂಬ ಪದವನ್ನು ಅವರು ಕೇಳಿರಲಾರರು, ಆದರೆ ಅದರ ಅಗತ್ಯ ಅವರಿಗೆ ತಿಳಿದಿದೆ.

ಇಲ್ಲಿಯವರೆಗೆ ದಾರಿ ಸುಗಮ. ಕಷ್ಟ ಬರುವುದು ಮುಂದೆ. ಹೊಸ ಉಪಾಧ್ಯಾಯಿನಿಯು ಒಂದು ಸಂಜೆ ಮಾರ್ಗದರ್ಶಿಯೊಡನೆ, ‘ಇವತ್ತು ಸಿಟ್ಟು ತಡೆಯಲಾಗದೆ ಹುಡುಗನೊಬ್ಬನಿಗೆ ಹೊಡೆದುಬಿಟ್ಟೆ ಸಾರ್’ ಎಂದು ಹೇಳಿ ಅತ್ತರೆ ಅವರೇನು ಮಾಡಬೇಕು? 2009ರ ಶಿಕ್ಷಣ ಹಕ್ಕು ಕಾಯಿದೆಯು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಸೋರದಿರುವುದು ಧರ್ಮವಾದರೆ ಆ ಬಾಲಕನಿಗೆ ಯಾರು ಗತಿ?

ಉಪಗೂಹನದ ದೃಷ್ಟಾಂತವಾಗಿ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ ಪ್ರಸಿದ್ಧವಾದುದು. ಕ್ಷುಲ್ಲಕನ ವೇಷದಲ್ಲಿ ಮನೆ ಸೇರಿದ ಕಳ್ಳನು ಚೈತ್ಯಾಲಯದ ವೈಡೂರ್ಯವನ್ನು ಕದ್ದು ಓಡುತ್ತಾನೆ. ಕಾವಲುಗಾರರು ಅಟ್ಟಿಸಿಕೊಂಡು ಬಂದಾಗ ಶ್ರೇಷ್ಠಿಯು, ತಾನೇ ತರಹೇಳಿದ್ದೆನೆಂದು ನುಡಿದು, ಧರ್ಮಕ್ಕೆ ಬರಲಿದ್ದ ನಿಂದೆಯನ್ನು ತಪ್ಪಿಸುತ್ತಾನೆ. ಅನಂತರ ಏಕಾಂತದಲ್ಲಿ ಅವನನ್ನು ಸಾಗಹಾಕುತ್ತಾನೆ. ಈ ಕಥೆಯನ್ನು ಹೇಳುವವರು ಎರಡು ಅಂಶಗಳನ್ನು ಮರೆಯುತ್ತಾರೆ. ಮಣಿ ಇದ್ದುದು ಶ್ರೇಷ್ಠಿಯ ಮನೆಯ ಚೈತ್ಯಾಲಯದಲ್ಲಿ. ನಷ್ಟವಾಗಿದ್ದರೆ ಅದು ಅವನದು, ಆದ್ದರಿಂದ ಕ್ಷಮಿಸುವ ಅಧಿಕಾರವೂ ಅವನದು. ಮತ್ತು ಅವನು ಕಳ್ಳನನ್ನು ಅದೇ ಮನೆಯಲ್ಲಿ ಉಳಿಸಿಕೊಳ್ಳಲಿಲ್ಲ. ಶಾಲೆಯಲ್ಲಾದರೋ ಪೆಟ್ಟು ಬಿದ್ದುದು ಬಾಲಕನ ಮೈಮೇಲೆ. ಅದನ್ನು ಮನ್ನಿಸಲು ಮಾರ್ಗದರ್ಶಿಗೆ ಅಧಿಕಾರ ಎಲ್ಲಿಯದು? ಬೇರೆಯವರ ಖಾತೆಯ ಸಾಲವನ್ನು ಉದಾರವಾಗಿ ವಜಾ ಮಾಡುವ ಗುಮಾಸ್ತನನ್ನು ಯಾರೂ ದಾನಶೂರನೆಂದು ಹೊಗಳುವುದಿಲ್ಲ.

ಆದರೆ ಸೂಕ್ಷ್ಮವಾಗಿ ನೋಡಿದರೆ, ಹೊಸಬಳ ಪ್ರತಿಯೊಂದು ತಡವರಿಕೆಯ ನಷ್ಟವೂ ಮಕ್ಕಳದ್ದೇ. ಭಾಗಾಕಾರವನ್ನು ತಪ್ಪಾಗಿ ಕಲಿಸಿದರೂ ನಷ್ಟ ಅವರದು. ಹಾಗೆಂದು ಎಲ್ಲವನ್ನೂ ವರದಿ ಮಾಡಿದರೆ ಮೊದಲಿನ ಮೌನವೇ ಮರಳಿ ಬರುತ್ತದೆ, ತಪ್ಪು ತಿದ್ದುವ ಬಾಗಿಲು ಮುಚ್ಚುತ್ತದೆ, ಮಕ್ಕಳಿಗೆ ಇನ್ನೂ ಹೆಚ್ಚಿನ ಹಾನಿ. ಆದ್ದರಿಂದ ನಷ್ಟ ಯಾರದೆಂಬುದೊಂದೇ ಅಳತೆಗೋಲಾಗಲಾರದು. ಸಮಂತಭದ್ರರು ಉಪಗೂಹನವನ್ನು ಹೇಳುವಾಗ ಅಜ್ಞರಿಂದಲೂ ಅಶಕ್ತರಿಂದಲೂ ಉಂಟಾದ ದೋಷವನ್ನು ಕುರಿತೇ ಹೇಳುತ್ತಾರೆ. ಉಮಾಸ್ವಾತಿಗಳು ಹಿಂಸೆಯ ಲಕ್ಷಣದಲ್ಲಿ ಪ್ರಮಾದವನ್ನು ಮುಂದಿಡುತ್ತಾರೆ. ಈ ಎರಡನ್ನೂ ಸೇರಿಸಿದರೆ ಗಡಿ ಕಾಣುತ್ತದೆ. ತಿಳಿಯದೆ ಆದುದು, ತಿಳಿದ ಮೇಲೆ ತಿದ್ದಿಕೊಳ್ಳಲಾಗುತ್ತಿರುವುದು ಅಪರಿಸ್ರಾವಿ ಗುಣಕ್ಕೆ ಪಾತ್ರ. ತಿಳಿಸಿದ ಮೇಲೂ ಅಲಕ್ಷ್ಯದಿಂದ ಮುಂದುವರಿದುದು ಪ್ರಮಾದ. ಅಲ್ಲಿ ಮಾರ್ಗದರ್ಶಿಯ ಮೌನವು ಪಾಲುದಾರಿಕೆಯಾಗುತ್ತದೆ. ಮಗುವಿನ ಮೇಲೆ ಕೈಯೆತ್ತಿದುದಂತೂ ತಿಳಿಯದೆ ಆದುದಲ್ಲ. ಅದು ಮೊದಲ ಸಲವೇ ಮುಖ್ಯೋಪಾಧ್ಯಾಯರ ಮುಂದೆ ಬರಬೇಕು, ಆದರೆ ಹೊಡೆದವಳೇ ಅದನ್ನು ಹೇಳುವಂತೆ ಮಾಡಿ, ಹೇಳುವಾಗ ಅವಳ ಪಕ್ಕದಲ್ಲಿ ನಿಂತಿರುವುದು ಮಾರ್ಗದರ್ಶಿಯ ಕೆಲಸ. ಇದನ್ನು ಅವಳಿಗೆ ಮೊದಲ ದಿನವೇ ಸ್ಪಷ್ಟಪಡಿಸಿರಬೇಕು. ಗುಟ್ಟು ಉಳಿಸುವೆನೆಂದು ಅನ್ನಿಸಿ ಆಮೇಲೆ ಹೊರಗೆಡಹುವುದು ಅಸತ್ಯವೇ ಸರಿ.

ಇನ್ನೊಂದು ಸಂಗತಿ ಮನಸ್ಸನ್ನು ಕೊರೆಯುತ್ತದೆ. ಖಾಯಂ ನೇಮಕವಾಗದ ಹುದ್ದೆಗಳಲ್ಲಿ ವರ್ಷವರ್ಷವೂ ಅತಿಥಿ ಶಿಕ್ಷಕರು ಗೌರವಧನದ ಮೇಲೆ ದುಡಿಯುತ್ತಾರೆ. ಅವರು ಮುಂದಿನ ವರ್ಷ ಇರುವರೋ ಇಲ್ಲವೋ ಎಂದು ಯಾರೂ ಅವರ ಮೇಲೆ ಶ್ರಮ ಹೂಡುವುದಿಲ್ಲ. ಅತಿಥಿಯೆಂಬ ಹೆಸರು ಕೊಟ್ಟು ಸತ್ಕಾರವನ್ನು ಮರೆತಂತೆ. ಮಕ್ಕಳಿಗೆ ಮಾತ್ರ ಖಾಯಂ ಯಾರು, ಅತಿಥಿ ಯಾರು ಎಂಬ ಭೇದ ತಿಳಿಯದು.

ಹೋಬಳಿಗೆ ನಾಲ್ಕಾರು ಮಂದಿಯಾದರೂ ನಿವೃತ್ತ ಉಪಾಧ್ಯಾಯರು ಇದ್ದೇ ಇರುತ್ತಾರೆ. ಯಾರ ಬಡ್ತಿಯೂ ಅವರ ಕೈಯಲ್ಲಿಲ್ಲ, ಯಾವ ವರದಿಗೂ ಅವರ ರುಜು ಬೇಕಿಲ್ಲ. ವಾರಕ್ಕೆ ಒಂದು ದಿನ ಅಂತಹವರೊಬ್ಬರು ಹೊಸಬಳ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು, ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಮಾತನಾಡಿ ಬರಬಹುದು. ಆಗ ಟಿಪ್ಪಣಿ ಬರೆಯುವುದಾದರೆ ಅದು ಅವಳ ಪುಸ್ತಕದಲ್ಲಿ, ಅವಳ ಕೈಬರಹದಲ್ಲಿಯೇ ಇರಬೇಕು, ಅವಳ ಬಳಿಯೇ ಉಳಿಯಬೇಕು. ಅಂಗಡಿಗಳಲ್ಲಿ ಕಲಿಯುವ ಹುಡುಗನಿಗೆ ಒಂದು ಕಚ್ಚಾ ಪುಸ್ತಕ ಕೊಡುವುದುಂಟು. ಅದರಲ್ಲಿ ಎಷ್ಟು ಚಿತ್ತು ಮಾಡಿದರೂ ಲೆಕ್ಕ ತನಿಖೆಗೆ ಬಂದವರು ಅದನ್ನು ಕೇಳುವುದಿಲ್ಲ.